ಮತ್ರಾದ ಮಿಸ್ಟರ್ ಕಂಡಕ್ಟರ್

ಕಳೆದ ಶನಿವಾರ ಭಜನೆಯಲ್ಲಿ ನಮ್ಮವರ ಕೈಯಿಂದ ತಾಳ ಕಿತ್ತುಕೊಂಡರು.

ಕಿತ್ತುಕೊಂಡರು ಎಂದೊಡನೆ ಜಗಳವಾಯಿತು ಎಂದುಕೊಳ್ಳಬೇಡಿ. ಸುರತ್ಕಲ್ಲಿನ ನಮ್ಮ ಭಜನಾ ಮಂಡಳಿಯವರು ಮರ್ಯಾದಸ್ಥರು. ಹಾರ್ಮೋನಿಯಂ ನುಡಿಸುವ ಮೇಸ್ಟ್ರು ಮೊದಲು ಕೆಮ್ಮಿದರು. ಆಮೇಲೆ ಕನ್ನಡಕದ ಮೇಲಿನಿಂದ ನೋಡಿದರು. ಕೊನೆಗೆ ಪಕ್ಕದಲ್ಲಿದ್ದವರಿಗೆ ಕಣ್ಸನ್ನೆ ಮಾಡಿದರು. ಅವರು ಬಹಳ ವಿನಯದಿಂದ, "ವಿಠಲಣ್ಣ, ನಿಮ್ಗೆ ಕೈ ನೋವಾಗ್ತಿರ್ಬೇಕಲ್ವಾ? ಸ್ವಲ್ಪ ಇಲ್ಲಿ ಕೊಡಿ" ಎಂದು ತಾಳದ ಜೋಡಿಯನ್ನು ತೆಗೆದು ತಮ್ಮ ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡರು. ನಮ್ಮವರು ಎಂದಿನಂತೆ "ಹ್ಞೂ" ಎಂದರು.

ಮೇಸ್ಟ್ರ ತಪ್ಪೇನೂ ಇಲ್ಲ. ಎಲ್ಲರೂ ತಾಳ ಹಾಕುವ ಕಡೆ ನಮ್ಮವರು ಸುಮ್ಮನಿರುತ್ತಾರೆ. ಎಲ್ಲರೂ ಸುಮ್ಮನಿರುವ ಕಡೆ ‘ಚಣ್’ ಎನ್ನಿಸುತ್ತಾರೆ. ದಾಸರ ಪದವೊಂದು ಹೀಗೆ ಮಧ್ಯೆ ಮಧ್ಯೆ ಎಡವುತ್ತ ಸಾಗುವುದನ್ನು ಕೇಳಿ ಹಿಂದಿನ ಸಾಲಿನ ಹೆಂಗಸರು ನನ್ನನ್ನು ಕನಿಕರದಿಂದ ನೋಡಿದರು. ವಯಸ್ಸಾಯಿತು, ಕಿವಿ ಮಂದ, ಪಾಪ, ಎಂದು ಅವರ ಲೆಕ್ಕ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಇವರ ಕಿವಿಗೆ ಏನೂ ಆಗಿಲ್ಲ. ಇವರು ತಾಳ ಕಲಿತದ್ದು ಜಮೈಕಾದ ರೆಕಾರ್ಡುಗಳಿಂದ ಎಂದು ಸುರತ್ಕಲ್ಲಿನ ಭಜನಾ ಮಂಡಳಿಗೆ ಹೇಗೆ ತಿಳಿಸುವುದು?

ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ನನ್ನ ಗಂಡ ಒಂದು ಕಾಲದಲ್ಲಿ ಒಮಾನ್ ದೇಶದಲ್ಲಿ ರೆಗೆ ಡೀಜೇ ಆಗಿದ್ದರು.

ಗಂಡನ ಹೆಸರು ಹೇಳಬಾರದೆಂದು ನನ್ನ ಅಮ್ಮ ಕಲಿಸಿದ್ದು ಬಾಯಿಗೆ. ಬರೆಯುವ ಕೈಗೆ ಕಲಿಸಿಲ್ಲ. ಹಾಗಾಗಿ ಬರೆಯುತ್ತೇನೆ: ವಿಠಲ. ನಾನು ವಾರಿಜ. ಮದುವೆಗೆ ಮೊದಲು ಇವರು ಮಂಗಳೂರಿನಿಂದ ಉಡುಪಿಗೆ ಓಡುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್. ಬಾಗಿಲಲ್ಲಿ ಒಂದೇ ಕಾಲಿನಲ್ಲಿ ನಿಂತು, ತಗಡಿನ ಮೈಗೆ ಬಡಿದು, ‘ರೈಟ್! ಪೋಯಿ!’ ಎಂದು ಕೂಗಿದರೆ ಸತ್ತ ಎಂಜಿನ್ನೂ ಒಮ್ಮೆ ಕೆಮ್ಮುತ್ತಿತ್ತಂತೆ. ಪೋಯಿ ಎಂದರೆ ತುಳುವಿನಲ್ಲಿ ‘ಹೋಗೋಣ’. ನಾನು ಬಾಯಾಡಿಸದೆ ಇರಲಾರದವಳು. ಇಷ್ಟು ಬಾಯಿ ಇರುವ ಗಂಡು ಸಿಕ್ಕಿದ್ದಕ್ಕೆ ದೇವರಿಗೆ ಕೈಮುಗಿದೆ. ಇನ್ನು ಜನ್ಮವಿಡೀ ಜುಗಲ್‌ಬಂದಿ ಎಂದುಕೊಂಡೆ.

ಮದುವೆಯಾದ ಮೇಲೆ ತಿಳಿಯಿತು, ಇವರ ಬಾಯಿ ಬಸ್ಸಿಗೆ ಸೇರಿದ್ದು, ಮನೆಗಲ್ಲ ಎಂದು. ಮನೆಯಲ್ಲಿ ಇವರ ಬಳಿ ಇದ್ದದ್ದು ‘ಹ್ಞೂ’, ‘ಹ್ಞಾಂ’, ‘ಆಯ್ತು’. ತುಂಬ ಸಂತೋಷವಾದರೆ ಎರಡು ಸಲ ‘ಆಯ್ತು’.

ನನ್ನ ಅಣ್ಣ ಭಾಸ್ಕರಣ್ಣ ಅಷ್ಟರಲ್ಲಾಗಲೇ ಮಸ್ಕತ್ತಿನ ಬಂದರು ಭಾಗವಾದ ಮತ್ರಾದ ಹಳೆಯ ವ್ಯಾಪಾರಿ ಮನೆತನವೊಂದರಲ್ಲಿ ಅಕೌಂಟೆಂಟ್ ಆಗಿ ಬೇರು ಬಿಟ್ಟಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ನಮ್ಮ ಕರಾವಳಿಯವರ ಸಂಘಕ್ಕೆ ಅವನೇ ಸೆಕ್ರೆಟರಿ. ಅವನ ಹಾಜರಿಯಲ್ಲಿ ಯಾರೂ ಗಟ್ಟಿಯಾಗಿ ಸೀನುತ್ತಿರಲಿಲ್ಲ. ಅವನೇ ಇವರಿಗೊಂದು ವೀಸಾ ಮಾಡಿಸಿ, ಎಸಿ ರಿಪೇರಿ ಕಂಪನಿಯೊಂದರ ಸ್ಟೋರ್ ಕೀಪರ್ ಕೆಲಸಕ್ಕೆ ಹಾಕಿದ. ಮರುವರ್ಷ ನಾನೂ ಹೋದೆ. ಎಂಬತ್ತರ ದಶಕದ ನಡುವಿನ ಮಾತು. ಸೂಕ್ ಎನ್ನುವ ಹಳೆಯ ಪೇಟೆಯ ಹಿಂದಿನ ಓಣಿಯಲ್ಲಿ ಎರಡನೇ ಮಹಡಿಯ ಮನೆ, ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ನಾನು ಊರ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತ, ಆ ಗೋಡೆಯ ಜೊತೆ ಮಾತಾಡುತ್ತ ಕಾಲ ಕಳೆದೆ. ನಮ್ಮ ಮನೆಯ ಹಳೆಯ ಎಸಿ ಕೂಡ ನಮ್ಮವರಿಗಿಂತ ಹೆಚ್ಚು ಮಾತಾಡುತ್ತಿತ್ತು. ಅದು ಆಗಾಗ ನರಳಿಯಾದರೂ ನರಳುತ್ತಿತ್ತು.

ಹೀಗಿರುವಾಗ ಒಂದು ಶುಕ್ರವಾರ ಮೀನು ಮಾರ್ಕೆಟಿನಿಂದ ಬಂಗುಡೆ ಹಿಡಿದುಕೊಂಡು ರುವಿಯಲ್ಲಿ ಅಣ್ಣನ ಮನೆಗೆಂದು ಹೊರಟವರು ಬಾಡಿಗೆ ವ್ಯಾನಿನ ಹತ್ತಿರ ನಿಂತೆವು. ಅಲ್ಲಿಯ ವ್ಯಾನು ತುಂಬದೆ ಹೊರಡುವುದಿಲ್ಲ. ಮುದುಕ ಡ್ರೈವರಿಗೆ ಗಂಟಲು ಕಟ್ಟಿತ್ತು. ಪಾಪ, ಗಾಳಿ ಹೋದ ಪೀಪಿಯ ಹಾಗೆ "ರುವಿ, ರುವಿ" ಎನ್ನುತ್ತಿದ್ದ. ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ನನ್ನ ಕೈಯಲ್ಲಿ ಬಂಗುಡೆ ಬಿಸಿಲಿಗೆ ಬಾಡುತ್ತಿತ್ತು. ನಮ್ಮವರು ಅದನ್ನು ನೋಡಿದರು, ಡ್ರೈವರನನ್ನು ನೋಡಿದರು. ಏನನ್ನಿಸಿತೋ, ವ್ಯಾನಿನ ಬಾಗಿಲಿಗೆ ಅಂಗೈಯಿಂದ ಒಂದು ಪೆಟ್ಟು ಹಾಕಿದರು.

"ರುವಿ ರುವಿ ರುವಿ ವತಯ್ಯಾ! ಕುರುಂ ಕುರುಂ ಖುವೈರ್! ಗುಬ್ರಾ ಅಝೈಬಾ ಸೀಬ್ ಸೀಬ್ ಸೀಬ್! ಬಲೆ ಬಲೆ ಬಲೆ, ಸೀಟುಂಡು ಸೀಟುಂಡು, ಪಿರ ಪೋಲೆ, ಪಿರ ಪೋಲೆ!"

ಬನ್ನಿ, ಸೀಟುಂಟು, ಹಿಂದೆ ಹೋಗಿ! ಎಲ್ಲ ಶುದ್ಧ ತುಳು. ಅರಬರು, ಪಠಾಣರು, ಮಲಯಾಳಿಗಳು, ಭಾಷೆ ತಿಳಿಯದವರೆಲ್ಲ ಬಂದು ವ್ಯಾನಿನಲ್ಲಿ ತುಂಬಿಕೊಂಡರು. ರುವಿಗೆ ಹೋಗುವ ಉದ್ದೇಶವೇ ಇಲ್ಲದ ಒಬ್ಬಿಬ್ಬರೂ ಹತ್ತಿರಬೇಕು. ನಾನು ಬಾಯಿ ಕಳೆದು ನಿಂತಿದ್ದೆ. ಈ ಕಂಠವನ್ನು ಮನೆಯಲ್ಲಿ ಇಟ್ಟುಕೊಂಡು ನಾನು ಗೋಡೆಯ ಹತ್ತಿರ ಮಾತಾಡುತ್ತಿದ್ದೆನಲ್ಲ!

ವ್ಯಾನಿನೊಳಗಿಂದ ಉದ್ದನೆಯ ಯುವಕನೊಬ್ಬ ಇಳಿದು ಬಂದ. ದಿಶ್ದಾಶಾ ಎಂಬ ಬಿಳಿ ನಿಲುವಂಗಿ, ಕಸೂತಿ ಟೋಪಿ, ಟೋಪಿಯಿಂದ ಹೊರಗೆ ಇಣುಕುವ ಗುಂಗುರು ಕೂದಲು. ನಮ್ಮವರ ಹೆಗಲು ಹಿಡಿದು, "ರಫೀಕ್, ಫಿರ್ ಸೆ ಬೋಲೋ" ಎಂದ. ಗೆಳೆಯಾ, ಇನ್ನೊಮ್ಮೆ ಹೇಳು ಎಂದು.

ನಮ್ಮವರು, "ಹ್ಞೂ?" ಎಂದರು.

ಅವನೇ ಜುಮಾ. ಒಮಾನಿಯೇ, ಆದರೆ ಹುಟ್ಟಿ ಬೆಳೆದದ್ದು ಆಫ್ರಿಕಾದ ಜಂಜಿಬಾರಿನಲ್ಲಿ. ಅಲ್ಲಿಂದ ತಿರುಗಿ ಬಂದ ಕುಟುಂಬ ಅವರದು. ಅವನಿಗೆ ಸೂಕ್‌ನ ಬಳಿ ಒಂದು ಕ್ಯಾಸೆಟ್ ಅಂಗಡಿ, ಬಾಡಿಗೆಗೆ ಕೊಡಲು ಕಪಾಟಿನಷ್ಟು ದೊಡ್ಡ ಎರಡು ಸ್ಪೀಕರ್, ಮತ್ತು ರೆಗೆ ಎಂಬ ಹುಚ್ಚು. ಲಂಡನ್ನಿನಲ್ಲಿದ್ದ ಅವನ ದಾಯಾದಿಯೊಬ್ಬ ಜಮೈಕಾದ ರೆಕಾರ್ಡುಗಳನ್ನು ತಂದುಕೊಡುತ್ತಿದ್ದ. ಅವುಗಳ ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದು ಮಗ್ಗುಲಲ್ಲಿ ಬರೀ ವಾದ್ಯ. ಆ ಬರೀ ವಾದ್ಯದ ಮೇಲೆ ಮೈಕ್ ಹಿಡಿದು, ತಾಳಕ್ಕೆ ಸರಿಯಾಗಿ ಮಾತು ಪೋಣಿಸುತ್ತ ಹೋಗುವವನಿಗೆ ಅವರಲ್ಲಿ ಡೀಜೇ ಎನ್ನುತ್ತಾರಂತೆ. ರೆಕಾರ್ಡು ತಿರುಗಿಸುವವನು ಬೇರೆ. ತಿರುಗಿಸಲು ಜುಮಾ ಇದ್ದ. ಮಾತಾಡುವವನು ಸಿಕ್ಕಿರಲಿಲ್ಲ. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಅವನು ಇದನ್ನೆಲ್ಲ ಬಂಗುಡೆಯ ಪಕ್ಕದಲ್ಲೇ ನಿಂತು ವಿವರಿಸಿದ. "ಆದರೆ ನನಗೆ ಹಾಡ್ಲಿಕ್ಕೆ ಬರುವುದಿಲ್ಲ" ಎನ್ನಬೇಕಿತ್ತು ನಮ್ಮವರು. ಅಷ್ಟುದ್ದದ ವಾಕ್ಯ ಅವರ ಅಳತೆಗೆ ಮೀರಿದ್ದರಿಂದ "ಆಯ್ತು" ಎಂದುಬಿಟ್ಟರು. ಎರಡು ಸಲ.

ಹೀಗೆ ಶುರುವಾಯಿತು. ಶುಕ್ರವಾರ ಸಂಜೆ ಕುರುಮ್‌ನ ಕಡಲ ತೀರ, ಗುರುವಾರ ಯಾವುದಾದರೂ ಹೋಟೆಲಿನ ಹಿತ್ತಿಲಿನ ಹುಲ್ಲುಹಾಸು. ಜುಮಾ ಇವರಿಗೆ ‘ಮಿಸ್ಟರ್ ಕಂಡಕ್ಟರ್’ ಎಂದು ಹೆಸರಿಟ್ಟ. ಇಂಗ್ಲಿಷಿನಲ್ಲಿ ವಾದ್ಯಮೇಳ ನಡೆಸುವವನಿಗೂ ಕಂಡಕ್ಟರ್ ಎನ್ನುತ್ತಾರಂತೆ, ಹಾಗಾಗಿ ಆ ಹೆಸರು ಕೇಳಿ ಒಬ್ಬ ಆಂಗ್ಲ ಮುದುಕ ದೊಡ್ಡ ವಾದ್ಯಮೇಳ ಇದೆಯೆಂದು ಕೋಟು ಹಾಕಿಕೊಂಡು ಬಂದು ಕೂತಿದ್ದನಂತೆ. ನಮ್ಮವರ ಕತ್ತಿನಲ್ಲಿ ಬಸ್ಸಿನ ಸೀಟಿ. ಪದ್ಯ ಜನಕ್ಕೆ ಹಿಡಿಸಿದರೆ ರೆಕಾರ್ಡನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಹಾಡುವುದು ಆ ಸಂಗೀತದ ಮರ್ಯಾದೆ. ಬೇರೆಯವರು ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಕೂಗುತ್ತಾರೆ. ನಮ್ಮವರು ಸೀಟಿ ಊದಿ, ಬಸ್ಸು ರಿವರ್ಸ್ ತೆಗೆಸುವಂತೆ ಕೈಯಾಡಿಸಿ, "ಪಿರ, ಪಿರ, ಪಿರ!" ಎನ್ನುತ್ತಿದ್ದರು. ಸ್ವಲ್ಪ ಕಾಲದಲ್ಲಿ ಮಸ್ಕತ್ತಿನ ಜಂಜಿಬಾರಿ ಹುಡುಗರೆಲ್ಲ "ಪಿರ ಪಿರ" ಎನ್ನಲು ಕಲಿತರು.

ಇದನ್ನೆಲ್ಲ ನಾನು ಆಮೇಲೆ ತಿಳಿದದ್ದು. ಆಗ ನನಗೆ ತಿಳಿದದ್ದು ಇವರು ಜುಮಾನ ಜೊತೆ ಕ್ಯಾಸೆಟ್ ಹಾಕಲು ಹೋಗುತ್ತಾರೆ ಎಂದಷ್ಟೆ. ರೆಗೆ ಎಂಬ ಪದವನ್ನು ನಾನು ‘ರೇಗು’ ಎಂದು ಕೇಳಿಸಿಕೊಂಡಿದ್ದೆ. ಒಮ್ಮೆಯೂ ರೇಗದ ಮನುಷ್ಯ ಅಲ್ಲಿ ಹೋಗಿ ಏನು ಮಾಡುತ್ತಾರೋ ಎಂದು ಸೋಜಿಗ. ಭಾಸ್ಕರಣ್ಣನಂತೂ ಜುಮಾನ ಅಂಗಡಿಯಲ್ಲಿ ಆ ಸಂಗೀತ ಕೇಳಿ ಬಂದು ಮೂಗು ಮುರಿದಿದ್ದ.

"ರಾಗ ಇಲ್ಲ, ತಾಳ ಕುಂಟುತ್ತದೆ. ನಮ್ಮ ಮನೆತನದಲ್ಲಿ ಹಾಡು, ಕುಣಿತ, ವೇಷ ಅಂತ ಹೋದವರು ಯಾರೂ ಇಲ್ಲ ವಾರಿಜ. ಭಾವನಿಗೆ ಹೇಳು. ಮತ್ತೆ ನೀನು ಆ ಕಡೆ ಹೋಗ್ಲಿಕ್ಕಿಲ್ಲ."

ನಾನು ಹೋಗಲಿಲ್ಲ. ಅಣ್ಣನ ಮಾತಿಗೆ ಬೆಲೆ ಕೊಟ್ಟು ಅಲ್ಲ. ಶುಕ್ರವಾರ ಸಂಜೆ ಜೊಹರಾ ಬರುತ್ತಿದ್ದಳು.

ಜೊಹರಾ ಕೆಳಗಿನ ಮಹಡಿಯವಳು. ಅವಳ ಗಂಡನಿಗೆ ಸೂಕ್‌ನಲ್ಲಿ ಬಟ್ಟೆ ವ್ಯಾಪಾರ. ಮನೆಯಲ್ಲಿ ಬ್ಯಾರಿ ಭಾಷೆ, ನನ್ನ ಜೊತೆ ತುಳುವೂ ಕನ್ನಡವೂ ಕಲಸಿ. ಮಾತಿನಲ್ಲಿ ನನಗೆ ಸರಿಸಾಟಿ. ಒಂದು ಶುಕ್ರವಾರ ಅವಳ ಮಕ್ಕಳು ಸಮುದ್ರ ಬೇಕೆಂದು ಹಟ ಹಿಡಿದರು. "ವಾರಿಜಕ್ಕ, ನೀವೂ ಬನ್ನಿ. ಗೋಳಿಬಜೆ ಮಾಡಿದ್ದೇನೆ" ಎಂದಳು. ಗೋಳಿಬಜೆಯ ಮುಂದೆ ಅಣ್ಣನ ಆಜ್ಞೆ ಎಷ್ಟು ಹೊತ್ತು ನಿಂತೀತು?

ಕುರುಮ್‌ನ ಮರಳಿನಲ್ಲಿ ಚಾಪೆ ಹಾಸಿ ಕೂತೆವು. ಅನತಿ ದೂರದಲ್ಲಿ ಗುಂಪು, ಪಿಕಪ್ ಗಾಡಿಯ ಬೆನ್ನಿನ ಮೇಲೆ ಕಪ್ಪು ಸ್ಪೀಕರುಗಳು. ಅವುಗಳಿಂದ ದಪ್ಪನೆಯ ಸದ್ದೊಂದು ಬಂದು ನಮ್ಮ ಚಾಪೆಯ ಅಡಿಯಲ್ಲೇ ಗುದ್ದುತ್ತಿತ್ತು. ತೂಕಡಿಸುವವನು ಆಗಾಗ ಬೆಚ್ಚಿ ಎದ್ದು ಕೂತ ಹಾಗೆ ಆ ತಾಳ. ಅದರ ಮೇಲೆ ಒಂದು ಗಂಡು ಕಂಠ ಗಡಗಡನೆ ಓಡುತ್ತಿತ್ತು. ಗೋಳಿಬಜೆ ಬಾಯಿಗಿಟ್ಟ ಜೊಹರಾ ಅಗಿಯುವುದನ್ನು ನಿಲ್ಲಿಸಿದಳು.

"ವಾರಿಜಕ್ಕ, ಇದು ತುಳು."

"ಹುಚ್ಚಾ ನಿಂಗೆ?"

"ಕೇಳಿ ಮಾರಾಯ್ತಿ. ನಿಮ್ಮ ಬಂಗುಡೆ ಸಾರಿನ ವಿಷಯ."

ನಾನು ಕಿವಿಗೊಟ್ಟೆ. ಆ ಕಂಠ ಹೇಳುತ್ತಿದ್ದುದನ್ನು ಕನ್ನಡಕ್ಕೆ ತಂದು ಹೇಳುತ್ತೇನೆ. ತುಳುವಿನಲ್ಲಿ ಇದಕ್ಕಿಂತ ಖಾರವಿತ್ತು.

"ನನ್ನ ಮನೇಲೊಂದು ರೇಡಿಯೋ ಉಂಟು, ಬಟನ್ನಿಲ್ಲ, ಪೋಯಿ!
ಕೋಳಿ ಕೂಗೋ ಮೊದಲೇ ಶುರು, ಬ್ಯಾಟ್ರಿ ಬೇಡ, ಪೋಯಿ!
ಬಂಗುಡೆ ಸಾರಿಗೆ ಉಪ್ಪು ಹಾಕ್ತಾಳೆ, ಮಾತಾಡ್ತಾಳೆ, ಮರೀತಾಳೆ,
ಮತ್ತೆ ಹಾಕ್ತಾಳೆ, ಮಾತಾಡ್ತಾಳೆ, ಮತ್ತೆ ಮರೀತಾಳೆ,
ಉಣ್ಣುವಾಗ ಸಮುದ್ರಕ್ಕೇ ನಾಚಿಕೆ, ರೈಟ್!"

ಜನ ಕುಣಿದು ಕುಪ್ಪಳಿಸುತ್ತಿದ್ದರು. ಜಂಜಿಬಾರಿಗಳು, ಗೋವಾದವರು, ಫಿಲಿಪೈನ್ಸಿನ ನರ್ಸುಗಳು, ಒಬ್ಬಿಬ್ಬರು ಬಿಳಿಯರು, ನನ್ನ ಸಾರಿನ ಉಪ್ಪಿಗೆ ಸೊಂಟ ಬಳುಕಿಸುತ್ತಿದ್ದರು! ಜೊಹರಾ ಮರಳಿನ ಮೇಲೆ ಬಿದ್ದು ನಗುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಒಂದು ಕೈ ನೋಡಿಯೇ ಬಿಡುತ್ತೇನೆಂದು ಗುಂಪಿನೊಳಗೆ ನುಗ್ಗಿದೆ. ಹತ್ತಿರ ಹೋಗುತ್ತಿದ್ದಂತೆ ಪದ್ಯ ಬೇರೆ ದಾರಿ ಹಿಡಿಯಿತು.

"ಆಫೀಸಿನ ವ್ಯಾನು ಹೋಯ್ತು ಅಣ್ಣಾ, ನಾನಿಲ್ಲ ಅದರಲ್ಲಿ,
ಮ್ಯಾನೇಜರ್ ಹೇಳಿದ ಖಲಾಸ್, ಕೆಲಸ ಇಲ್ಲ ಸ್ಟೋರಲ್ಲಿ,
ಬುತ್ತಿ ಉಂಟು ಕೈಯಲ್ಲಿ, ಕೂತಿದ್ದೇನೆ ಕಟ್ಟೆಯಲ್ಲಿ,
ಕಡಲಹಕ್ಕಿಗೆ ಹಾಕ್ತೇನೆ ಅನ್ನ, ಅದಕ್ಕೂ ಉಪ್ಪು ಜಾಸ್ತಿ.
ಯಾರ ಹತ್ರ ಹೇಳ್ಲಿ, ಪೋಯಿ? ಹೇಗೆ ಅವಳಿಗೆ ಹೇಳ್ಲಿ?"

ನನ್ನ ಕಾಲು ಮರಳಿನಲ್ಲಿ ಹೂತಿತು. ಸುತ್ತ ಎಲ್ಲರೂ ಕೈಯೆತ್ತಿ ಕುಣಿಯುತ್ತಿದ್ದಾರೆ. ಒಬ್ಬ ಹುಡುಗನಂತೂ ಆನಂದದಿಂದ ಕಣ್ಣು ಮುಚ್ಚಿಕೊಂಡಿದ್ದಾನೆ. ಪಿಕಪ್ಪಿನ ಮೇಲೆ ನನ್ನ ಗಂಡ, ಕತ್ತಿನಲ್ಲಿ ಸೀಟಿ, ನಗುಮುಖ, ಅವರಿಗೆ ಕೆಲಸ ಹೋಗಿದೆ. ದಿನಾ ಬೆಳಿಗ್ಗೆ ನಾನು ಕಟ್ಟಿಕೊಟ್ಟ ಬುತ್ತಿ ಹಿಡಿದು ಕಡಲ ಕಟ್ಟೆಯಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದಾರೆ. ನನಗೆ ಹೇಳಲಾಗದ್ದನ್ನು ಯಾರಿಗೂ ತಿಳಿಯದ ಭಾಷೆಯಲ್ಲಿ ಲೌಡ್‌ಸ್ಪೀಕರಿನಲ್ಲಿ ಹೇಳುತ್ತಿದ್ದಾರೆ.

ಅಳಬೇಕಿತ್ತು ನಾನು. ಒಳ್ಳೆಯ ಹೆಂಡಿರು ಅಳುತ್ತಾರೆ. ನಾನು ಪಿಕಪ್ ಹತ್ತಿದೆ.

ನನ್ನನ್ನು ಕಂಡದ್ದೇ ನಮ್ಮವರ ಬಾಯಿ ಮುಚ್ಚಿತು. ಮೈಕು ಅವರ ಕೈಯಿಂದ ನನ್ನ ಕೈಗೆ ಹೇಗೆ ಬಂತೋ ನನಗೆ ನೆನಪಿಲ್ಲ. ಅವರೇ ಕೊಟ್ಟರು ಎಂದು ನಾನು, ನಾನು ಕಸಿದುಕೊಂಡೆ ಎಂದು ಜೊಹರಾ. ಜುಮಾ ರೆಕಾರ್ಡು ನಿಲ್ಲಿಸಲಿಲ್ಲ, ಕಿಲಾಡಿ.

"ಓ ಕಂಡಕ್ಟರ್ರೇ!" ಎಂದೆ. ನನ್ನ ದನಿ ಅಷ್ಟು ದೊಡ್ಡದಾಗಿ ಕಡಲಿನ ಮೇಲೆ ಹೋದದ್ದು ಕಂಡು ನನಗೇ ಗಾಬರಿ, ಗಾಬರಿಯ ಹಿಂದೆಯೇ ಒಂದು ಬಗೆಯ ಖುಷಿ. "ಊರವರಿಗೆಲ್ಲ ಎಲ್ಲಿ ಇಳೀತೀರಿ ಅಂತ ಕೇಳ್ತೀರಿ. ಮನೆಯವಳ ಹತ್ರ ಒಂದು ಮಾತು ಹೇಳ್ಲಿಕ್ಕಾಗಲಿಲ್ವಾ? ನಾನೆಂತ ಹುಲಿಯಾ? ಬ್ಲೌಸ್ ಹೊಲಿಯುವ ಕೈ ಉಂಟು ನನಗೆ! ಎರಡು ಊಟ ನಾನು ಹಾಕ್ಲಿಕ್ಕಿಲ್ವಾ? ಹಕ್ಕಿಗೆ ಹಾಕಿದ್ರಂತೆ ಅನ್ನ! ನಾನು ಬೆಳಿಗ್ಗೆ ಎದ್ದು ತೆಂಗಿನಕಾಯಿ ಅರೆದದ್ದು ಹಕ್ಕಿಗಾ?"

ಜನ ಹುಚ್ಚೆದ್ದು ಹೋದರು. ಹಿಂದಿನಿಂದ ಹುಡುಗರೆಲ್ಲ ಒಕ್ಕೊರಲಿನಿಂದ "ಪಿರ! ಪಿರ! ಪಿರ!" ಎಂದು ಕೂಗತೊಡಗಿದರು. ಜುಮಾ ರೆಕಾರ್ಡನ್ನು ಸರ್ರನೆ ಹಿಂದಕ್ಕೆ ಎಳೆದು, "ಭಾಭೀ, ಫಿರ್ ಸೆ" ಎಂದ.

ಫಿರ್ ಸೆ ಎಂದರೆ? ಬೈದದ್ದನ್ನೇ ಮೊದಲಿನಿಂದ ಇನ್ನೊಮ್ಮೆ ಬೈಯಬೇಕಂತೆ! ಆ ಸಂಗೀತದ ಮರ್ಯಾದೆ ಅದು, ಮೀರುವ ಹಾಗಿಲ್ಲ. "ಓ ಕಂಡಕ್ಟರ್ರೇ" ಎಂದು ಮತ್ತೆ ಶುರು ಮಾಡಿದೆ. ಸಿಟ್ಟು ಎಂಬುದು ಬಿಸಿ ದೋಸೆಯ ಹಾಗೆ, ಎರಡನೇ ಸಲ ಕಾಯಿಸಿದರೆ ರುಚಿಯಿರುವುದಿಲ್ಲ. "ನಾನೆಂತ ಹುಲಿಯಾ" ಎನ್ನುವಷ್ಟರಲ್ಲಿ ನಮ್ಮವರ ಮುಖ ನೋಡಿದೆ. ಅವರು ಬಸ್ಸಿನಲ್ಲಿ ಟಿಕೆಟಿಲ್ಲದೆ ಸಿಕ್ಕಿಬಿದ್ದವನ ಹಾಗೆ ನಿಂತಿದ್ದರು. ನನಗೆ ನಗು ಬಂತು. ನಗುತ್ತ ಬೈದೆ, ಬೈಯುತ್ತ ಕಣ್ಣೊರೆಸಿಕೊಂಡೆ. ಅವರು ನನ್ನ ಕೈಯಲ್ಲಿದ್ದ ಮೈಕಿಗೇ ಬಾಯಿ ತಂದು, ನನಗೆ ಮಾತ್ರ ಎಂದುಕೊಂಡು, "ಹೆದರಿಕೆ ಆಯ್ತು ವಾರಿಜ" ಎಂದರು. ಇಡೀ ಕುರುಮ್‌ಗೆ ಕೇಳಿಸಿತು. ಜೊಹರಾ ಬಿಟ್ಟು ಯಾರಿಗೂ ಅರ್ಥವಾಗಲಿಲ್ಲ.

ಮರುದಿನ ಭಾಸ್ಕರಣ್ಣ ಬಂದ. ಕೂರಲಿಲ್ಲ.

"ಜೊಹರಾಳ ಗಂಡ ಹೇಳಿ ಇಡೀ ಸೂಕ್‌ಗೆ ಗೊತ್ತಾಗಿದೆ. ಗಂಡ ಹೆಂಡತಿ ಬೀಚಿನಲ್ಲಿ ಮೈಕ್ ಹಿಡ್ಕೊಂಡು ಜಗಳ ಮಾಡಿದ್ರಂತೆ."

"ಜಗಳ ಅಲ್ಲ ಅಣ್ಣ, ರೆಗೆ."

"ಬಾಯಿ ಮುಚ್ಚು. ಕೆಲಸ ಹೋದದ್ದನ್ನು ನನ್ನ ಹತ್ರ ಹೇಳ್ಬೇಡ್ವಾ? ವೀಸಾ ಕೊಟ್ಟ ಹಳೇ ಕಫೀಲ್ ಅದನ್ನು ಕ್ಯಾನ್ಸಲ್ ಮಾಡಿದ್ರೆ ಇಬ್ರೂ ವಿಮಾನ ಹತ್ತಬೇಕು. ಊರಿಗೆ ಹೋಗಿ ಭಾವ. ಖಲಾಸ್."

ಊರಿನಲ್ಲಿ ಇವರ ಬಸ್ಸಿಗೆ ಬೇರೆ ಕಂಡಕ್ಟರ್ ಬಂದು ಬಹಳ ಕಾಲವಾಗಿತ್ತು. ನಮ್ಮವರು ನೆಲ ನೋಡುತ್ತ "ಹ್ಞೂ" ಎಂದರು. ಅಣ್ಣ ಮೆಟ್ಟಿಲಿಳಿಯುತ್ತಿದ್ದಂತೆ ನಾನು ಜುಮಾನ ಅಂಗಡಿಗೆ ಓಡಿದೆ.

ಜುಮಾನ ದೊಡ್ಡಪ್ಪ ಅಲ್ ಖೌದ್‌ನಲ್ಲಿದ್ದರು. ಅಲ್ಲಿ ಹೊಸದಾಗಿ ಯೂನಿವರ್ಸಿಟಿ ಎದ್ದು, ಸುತ್ತ ಅಂಗಡಿಗಳು ಮೊಳೆಯುತ್ತಿದ್ದ ಕಾಲ. ಅವರಿಗೆ ಜೆರಾಕ್ಸ್ ಮತ್ತು ಪೆನ್ನು ಪುಸ್ತಕದ ಅಂಗಡಿಗೆ ಒಬ್ಬ ಬೇಕಿತ್ತು. ಜುಮಾ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ನೆಲದ ಮೇಲಿನ ದಿಂಬಿಗೆ ಒರಗಿದ ಹಿರಿಯರು, ಮುಂದೆ ಹಲ್ವಾದ ತಟ್ಟೆ, ಕಹ್ವಾ ಎಂಬ ಕಾಫಿ ಸುರಿಯುವ ಹುಡುಗ. ಸಾಕು ಎನ್ನಬೇಕಾದರೆ ಅಲ್ಲಿ ಪುಟ್ಟ ಬಟ್ಟಲನ್ನು ಅಲ್ಲಾಡಿಸಬೇಕು. ನಮ್ಮವರಿಗೆ ಅದು ಗೊತ್ತಿಲ್ಲ. ಬಾಯಿ ಬಿಟ್ಟು ಸಾಕು ಎನ್ನುವ ಜಾತಿಯೂ ಅಲ್ಲ. ಸುರಿದ ಹಾಗೆಲ್ಲ ಕುಡಿದರು. ಹಿರಿಯರು ಊರು ಕೇಳಿದರು, ಇವರು ಕುಡಿದರು. ಕೆಲಸ ಕೇಳಿದರು, ಇವರು ಕುಡಿದರು. ಕೊನೆಗೆ ಹಿರಿಯರು ನನ್ನ ಕಡೆ ತಿರುಗಿ, "ಗೂಂಗಾ ಹೈ ಕ್ಯಾ?" ಎಂದರು.

"ಮೂಗ ಅಲ್ಲ, ಯೋಚಿಸ್ತಾರೆ" ಎಂದು ನಾನು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಅಲ್ಲಿಗೆ ನಿಲ್ಲಿಸದೆ ಇವರ ಗುಣ, ನಮ್ಮ ಊರು, ಮ್ಯಾನೇಜರನ ದುಷ್ಟತನ ಎಲ್ಲ ಹೇಳಿದೆ. ಹಿರಿಯರು ಕೈಯೆತ್ತಿ ನನ್ನನ್ನು ತಡೆದರು.

"ಮೈಕಿನಲ್ಲಿ ಅರಚುವವನು ಎಂದು ಕೇಳಿದ್ದೆ. ಬೇಡ ಎನ್ನಲಿಕ್ಕೇ ಕರೆಸಿದ್ದು. ಈ ಮನುಷ್ಯ ನನಗೆ ಬೇಕು. ಶನಿವಾರದಿಂದ ಬರಲಿ." ಆಮೇಲೆ ನನ್ನತ್ತ ಬೆರಳು ತೋರಿಸಿ, "ಆದರೆ ಈಕೆ ಅಂಗಡಿಗೆ ಬರಬಾರದು" ಎಂದರು.

ಹೀಗೆ ನಮ್ಮವರ ಮೌನಕ್ಕೆ ವೀಸಾ ಸಿಕ್ಕಿತು. ನನ್ನ ಮಾತಿಗೆ ಸ್ಟೇಜು ಸಿಕ್ಕಿತು. ಆ ಶುಕ್ರವಾರದ ಬೈಗುಳದ ಖ್ಯಾತಿ ಎಷ್ಟು ಹಬ್ಬಿತೆಂದರೆ ಮುಂದೆ ಕರೆದವರೆಲ್ಲ ‘ಮಿಸ್ಟರ್ ಮಿಸೆಸ್ ಕಂಡಕ್ಟರ್’ ಇಬ್ಬರೂ ಬೇಕು ಎನ್ನತೊಡಗಿದರು. ಹಲವು ವರ್ಷ ಹಾಡಿದೆವು. ನಮಗೆ ಜಗಳಕ್ಕೆ ವಾರವಿಡೀ ಬಿಡುವಿರಲಿಲ್ಲ, ಎಲ್ಲ ಶುಕ್ರವಾರಕ್ಕೆ ಎತ್ತಿಡುತ್ತಿದ್ದೆವು. ಬಿಳಿಯನೊಬ್ಬ ತನ್ನ ಮದುವೆಯ ವಾರ್ಷಿಕೋತ್ಸವಕ್ಕೆ ನಮ್ಮ ‘ಆ ಪ್ರೇಮಗೀತೆ’ಯನ್ನೇ ಹಾಡಬೇಕೆಂದು ಕಾಡಿದ. ಹಾಡಿದೆವು. ಗಂಡ ಹೆಂಡಿರು ಕೆನ್ನೆಗೆ ಕೆನ್ನೆ ಇಟ್ಟು ಕುಣಿದರು. ಅದು ಬಚ್ಚಲಿನ ನೀರು ಕಟ್ಟಿಕೊಂಡದ್ದನ್ನು ಇವರು ಸರಿಮಾಡದೆ ಇದ್ದ ಬಗ್ಗೆ.

ತೊಂಬತ್ತರ ದಶಕ ಅರ್ಧ ದಾಟುವಾಗ ನಮ್ಮ ಸಂಘದ ಹುಡುಗರು ಹಟ ಹಿಡಿದರು. ವಾರ್ಷಿಕೋತ್ಸವಕ್ಕೆ ವಿಠಲಣ್ಣನ ರೆಗೆ ಬೇಕೇ ಬೇಕು. ಸೆಕ್ರೆಟರಿ ಭಾಸ್ಕರಣ್ಣ ಬೇಡವೇ ಬೇಡ ಎಂದ. ಓಟು ಹಾಕಿ ಅವನ ಮಾತನ್ನು ಸೋಲಿಸಿದರು. ಶುಕ್ರವಾರ ಮಧ್ಯಾಹ್ನ, ರುವಿಯ ಒಂದು ಹಾಲ್, ಮಂಗಳೂರಿನಿಂದ ಉಡುಪಿಯವರೆಗಿನ ಜನವೆಲ್ಲ ಕಿಕ್ಕಿರಿದಿದ್ದಾರೆ. ಮುಂದಿನ ಸಾಲಿನಲ್ಲಿ ಭಾಸ್ಕರಣ್ಣ, ಪಕ್ಕದಲ್ಲಿ ಸುಮತಿ ಅತ್ತಿಗೆ, ಬಾಗಿಲ ಬಳಿ ಜೊಹರಾ.

ಇಲ್ಲೊಂದು ಫಜೀತಿ ಇತ್ತು. ಈ ಸಭೆಗೆ ತುಳು ಬರುತ್ತಿತ್ತು.

ಜುಮಾ ರೆಕಾರ್ಡು ಹಾಕಿದ. ನಮ್ಮವರು ಮೈಕ್ ಹಿಡಿದರು, ಬಾಯ್ತೆರೆದರು, ಮುಚ್ಚಿದರು. ವಾದ್ಯ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ನಮ್ಮ ಮನೆಯ ಗುಟ್ಟು ಕೇಳಲು ಹೆಂಗಸರೆಲ್ಲ ಕುರ್ಚಿಯ ತುದಿಗೆ ಬಂದಿದ್ದರು. ಇವರ ಹಣೆಯಲ್ಲಿ ಬೆವರು. ಭಾಸ್ಕರಣ್ಣನ ತುಟಿಯಲ್ಲಿ ಸಣ್ಣ ಕೊಂಕು.

"ಏನಾದ್ರೂ ಹೇಳಿ ಮಾರಾಯ್ರೆ" ಎಂದು ನಾನು ಪಕ್ಕದಿಂದ ಪಿಸುಗುಟ್ಟಿದೆ.

ಇವರು ಕಣ್ಣು ಮುಚ್ಚಿದರು. ಎದುರಿದ್ದ ಮೇಜಿಗೆ ಅಂಗೈಯಿಂದ ಒಂದು ಪೆಟ್ಟು ಹಾಕಿದರು.

"ಕೂಳೂರು ಪಣಂಬೂರು ಬೈಕಂಪಾಡಿ! ಸುರತ್ಕಲ್ ಸುರತ್ಕಲ್ ಮುಕ್ಕ! ಯಾರು ಮುಕ್ಕ, ಯಾರು ಮುಕ್ಕ?"

ಹಿಂದಿನಿಂದ ಒಬ್ಬ ತಡೆಯಲಾರದೆ ಕೂಗಿದ: "ಮುಕ್ಕ, ಇಳೀಲಿಕ್ಕುಂಟು!"

ಇವರು ಸೀಟಿ ಊದಿದರು. ವಾದ್ಯ ನಿಂತಿತು. "ಇಳೀರಿ ಇಳೀರಿ. ರೈಟ್, ಪೋಯಿ!" ವಾದ್ಯ ಮತ್ತೆ ಹೊರಟಿತು. ಹಳೆಯಂಗಡಿ ಬಂತು, ಒಂದು ಇಡೀ ಸಾಲು ಎದ್ದು ನಿಂತಿತು. ಮೂಲ್ಕಿ ಬಂದಾಗ, ಮಗನನ್ನು ನೋಡಲು ಮಸ್ಕತ್ತಿಗೆ ಬಂದಿದ್ದ ಅಜ್ಜಿಯೊಬ್ಬರು "ನಿಲ್ಸಿ ಮಗಾ, ಚೀಲ ಉಂಟು" ಎಂದು ಅಳುತ್ತ ನಗುತ್ತ ಎದ್ದರು. ಪಡುಬಿದ್ರಿ, ಉಚ್ಚಿಲ. ಗಂಡಸರು ಕಣ್ಣೊರೆಸಿಕೊಳ್ಳುತ್ತ ತಮ್ಮ ತಮ್ಮ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ಕಾಪು ಬಂತು. ಕಾಪು ನಮ್ಮೂರು, ನನ್ನದೂ ಅಣ್ಣನದೂ. ನಾನು ಕೈಯೆತ್ತಿದೆ. ಅಣ್ಣ ಕದಲಲಿಲ್ಲ. ಸ್ವಾಭಿಮಾನಿ, ಇಳಿಯುವುದಿಲ್ಲ ಎಂದುಕೊಂಡೆ. ಕಟಪಾಡಿ ದಾಟಿತು.

"ಉದ್ಯಾವರ ಉದ್ಯಾವರ! ಯಾರು ಉದ್ಯಾವರ?"

ಭಾಸ್ಕರಣ್ಣ ಎದ್ದು ನಿಂತಿದ್ದ. ಮುಖದಲ್ಲಿ ಇಸ್ತ್ರಿ ಇರಲಿಲ್ಲ. "ಇಳೀಲಿಕ್ಕುಂಟು" ಎಂದ.

ಸುಮತಿ ಅತ್ತಿಗೆ ನಿಧಾನವಾಗಿ ತಿರುಗಿ ನೋಡಿದರು. "ನಿಮ್ಗೆ ಉದ್ಯಾವರದಲ್ಲಿ ಯಾರುಂಟು?"

ಅಣ್ಣ ಕೂತುಬಿಟ್ಟ. ಬಸ್ಸು ಉಡುಪಿಗೆ ಹೋಗಿ ಮುಟ್ಟಿದರೂ ಅವನು ತಲೆಯೆತ್ತಲಿಲ್ಲ.

ಆ ದಿನದಿಂದ ನಾನು ನಮ್ಮವರನ್ನು ಬಿಡಲಿಲ್ಲ. ಈ ಮನುಷ್ಯ ಅದೇ ದಾರಿಯ ಕಂಡಕ್ಟರ್, ಗೊತ್ತಿಲ್ಲದೆ ಇರುತ್ತದೆಯೇ? ಉಣ್ಣುವಾಗ ಕೇಳಿದೆ, ಮಲಗುವಾಗ ಕೇಳಿದೆ, ಮೀನು ಕೊಯ್ಯುತ್ತ ಕೇಳಿದೆ. ಕೊನೆಗೆ ಒಂದು ಬೆಳಿಗ್ಗೆ ಚಹಾದ ಲೋಟ ಕೆಳಗಿಟ್ಟರು.

"ಭಾವ ಶನಿವಾರ ಶನಿವಾರ ನನ್ನ ಬಸ್ಸಿನಲ್ಲಿ ಉದ್ಯಾವರಕ್ಕೆ ಹೋಗ್ತಿದ್ರು. ಅಲ್ಲಿ ಒಂದು ನಾಟಕ ಸಂಘ ಇತ್ತು."

"ನಾಟಕ ನೋಡ್ಲಿಕ್ಕಾ?"

"ಮಾಡ್ಲಿಕ್ಕೆ. ನಿಮ್ಮ ಅಪ್ಪನಿಗೆ ಗೊತ್ತಿರಲಿಲ್ಲ."

"ಭಾಸ್ಕರಣ್ಣನಾ? ಎಂತ ಪಾರ್ಟು?"

ನಮ್ಮವರು ಲೋಟದೊಳಗೆ ನೋಡುತ್ತ ಹೇಳಿದರು: "ಹೀರೋಯಿನ್."

ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹಾಡುವವರೆಂದು ಅಣ್ಣ ಇವರನ್ನು ಹೀಗಳೆಯುವಾಗಲೆಲ್ಲ "ಹ್ಞೂ" ಎನ್ನುತ್ತ ಕೂತಿದ್ದರು ಮಹಾನುಭಾವರು! ನಾನು ಹಾಗಲ್ಲ. ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಅತ್ತಿಗೆಗೆ ಫೋನಿನಲ್ಲಿ ಹೇಳಿದೆ. ಅತ್ತಿಗೆ, "ಅಷ್ಟೇನಾ? ನಾನು ಎಂತೆಂಥದೋ ಯೋಚಿಸಿ ನಿದ್ದೆ ಬಿಟ್ಟದ್ದು" ಎಂದರು.

ಆ ಮನೆಯಲ್ಲಿ ಏನು ಮಾತುಕತೆಯಾಯಿತೋ ನನಗೆ ತಿಳಿಯದು. ಮುಂದಿನ ವಾರ್ಷಿಕೋತ್ಸವ ಹತ್ತಿರ ಬಂದಾಗ ಒಂದು ಸಂಜೆ ಭಾಸ್ಕರಣ್ಣ ನಮ್ಮ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಕಾಗದದ ಪೊಟ್ಟಣ. ಓಣಿಯ ಎರಡೂ ಕಡೆ ನೋಡಿ ಒಳಗೆ ಬಂದು ಕದ ಹಾಕಿದ.

"ವಾರಿಜ, ಟೇಪ್ ಉಂಟಾ?"

ಪೊಟ್ಟಣದಲ್ಲಿ ಕೆಂಪು ರೇಷ್ಮೆಯ ಬ್ಲೌಸ್ ಪೀಸ್. ಸಂಘದ ಸೆಕ್ರೆಟರಿ, ನನ್ನ ಹಿರಿಯಣ್ಣ, ಎರಡೂ ಕೈ ಅಗಲಿಸಿ ನಿಂತ. ನಾನು ತುಟಿ ಕಚ್ಚಿ ಅಳತೆ ತೆಗೆದೆ. "ತೋಳು ಸ್ವಲ್ಪ ಬಿಗಿ ಇರಲಿ" ಎಂದ ಗಂಭೀರವಾಗಿ. ನಮ್ಮವರು ಒಳಕೋಣೆಗೆ ಹೋಗಿ ಕದ ಮುಚ್ಚಿಕೊಂಡು ನಗುವುದು ಕೇಳಿಸಿತು. ಅವರು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವರ್ಷದ್ದೇ ಮಿಸ್ಟರ್ ಕಂಡಕ್ಟರ್‌ನ ಕೊನೆಯ ಕಾರ್ಯಕ್ರಮ. ಜುಮಾನಿಗೆ ಮದುವೆಯಾಗಿ, ಮಾವನ ವ್ಯಾಪಾರ ನೋಡಿಕೊಳ್ಳಲು ದೂರದ ಬುರೈಮಿ ಊರಿಗೆ ಹೊರಟಿದ್ದ. ಸ್ಪೀಕರುಗಳನ್ನು ಆಗಲೇ ಯಾರಿಗೋ ಕೊಟ್ಟಾಗಿತ್ತು, ಅಂದಿಗೆಂದು ಕೇಳಿ ತಂದಿದ್ದ. ಹಾಲ್ ತುಂಬಿತ್ತು. ನಮ್ಮವರು ಪದ್ಯ ಎತ್ತಿದರು, ಈ ಸಲ ಎಲ್ಲರಿಗೂ ಅರ್ಥವಾಗುವ ಹಾಗೆ, ಒಂದು ಸಲವೂ ತೊದಲದೆ, ಇಡೀ ಊರನ್ನು ಹೆಸರು ಹಿಡಿದು ಗೇಲಿ ಮಾಡುತ್ತ. ನನ್ನನ್ನೂ ಬಿಡಲಿಲ್ಲ. ಪದ್ಯದ ನಡುವೆ ಪರದೆ ಸರಿದು ಒಬ್ಬ ಹೆಂಗಸು ಬಂದಳು. ಕೆಂಪು ರೇಷ್ಮೆ, ಮುಡಿ ತುಂಬ ಪ್ಲಾಸ್ಟಿಕ್ ಮಲ್ಲಿಗೆ, ತಲೆ ತುಸು ಬಾಗಿಸಿದ ನಡಿಗೆ. ಆ ಕುಂಟುವ ತಾಳದ ಮೇಲೆ ಅವಳು ಹೆಜ್ಜೆಯಿಟ್ಟ ಬೆಡಗಿಗೆ ಸಭೆ ಉಸಿರು ಹಿಡಿಯಿತು. ಒಬ್ಬರಿಗೂ ಗುರುತು ಹತ್ತಲಿಲ್ಲ. ಜುಮಾ ಮಂತ್ರಮುಗ್ಧನ ಹಾಗೆ ನೋಡಿ, ನಮ್ಮವರ ಕಿವಿಯಲ್ಲಿ, "ಯೇ ಔರತ್ ಕೌನ್ ಹೈ?" ಎಂದು ಕೇಳಿದ.

ನಮ್ಮವರು ಮೈಕಿನಲ್ಲೇ ಉತ್ತರ ಕೊಟ್ಟರು. "ನಮ್ಮ ಸೆಕ್ರೆಟರಿ."

ಹಾಲ್‌ನ ಸೂರು ಹಾರಿಹೋಗುವಂಥ ನಗು, ಚಪ್ಪಾಳೆ. ಭಾಸ್ಕರಣ್ಣ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ನಾಚಿದ. ನಾನು ಹೆದರುತ್ತಲೇ ಮುಂದಿನ ಸಾಲಿನಲ್ಲಿದ್ದ ಸುಮತಿ ಅತ್ತಿಗೆಯ ಬಳಿ ಹೋಗಿ ಕೂತೆ. ಅವರು ಗಂಡನ ಮೇಲಿಟ್ಟ ಕಣ್ಣು ತೆಗೆಯದೆ, ನನ್ನ ಕಡೆ ಬಾಗಿ, ನಿಜವಾದ ಮುನಿಸಿನಿಂದಲೇ ಹೇಳಿದರು:

"ಹೌದಾ ವಾರಿಜ, ನನಗೆ ನೀನು ಒಂದು ಬ್ಲೌಸಾದ್ರೂ ಇಷ್ಟು ಚಂದ ಹೊಲಿದು ಕೊಟ್ಟದ್ದುಂಟಾ?"